ಕಳ್ಳನ ಕೈಗೆ ಮಂತ್ರ ಕೊಟ್ಟ ಫ್ರಿಟ್ಜ್ ಲೈಬರ್

ದಾಳ ಉರುಳಿಸುತ್ತಾ ಕಥೆ ಕಟ್ಟಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಚದುರಂಗದಂತೆ ಮಣೆ ಬೇಕಾಗಿಲ್ಲ, ಗೆದ್ದವರು ಸೋತವರು ಎಂಬ ಲೆಕ್ಕವೂ ಇಲ್ಲ. ಒಬ್ಬರು ಸೂತ್ರಧಾರರಾಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. 2014ರಲ್ಲಿ ಬಂದ ಈ ಆಟದ ಐದನೇ ಆವೃತ್ತಿಯಲ್ಲಿ ‘ರೋಗ್’, ಅಂದರೆ ಕಳ್ಳನ ಪಾತ್ರವನ್ನು ಆರಿಸಿಕೊಂಡವರಿಗೆ ಮೂರನೇ ಹಂತದಲ್ಲಿ ಕವಲುದಾರಿ ಎದುರಾಗುತ್ತದೆ. ಬೀಗ ತೆಗೆಯುವ, ಗೋಡೆ ಹತ್ತುವ ಕಳ್ಳನಾಗಿಯೇ ಮುಂದುವರಿಯಬಹುದು. ಹೊಂಚು ಹಾಕಿ ಕೊಲ್ಲುವ ಹಂತಕನಾಗಬಹುದು. ಇಲ್ಲವೇ ನೆರಳಿನಲ್ಲಿ ನುಸುಳುತ್ತಲೇ ಒಂದಿಷ್ಟು ಮಂತ್ರವಿದ್ಯೆ ಕಲಿತ ‘ಆರ್ಕೇನ್ ಟ್ರಿಕ್‌ಸ್ಟರ್’ ಆಗಬಹುದು.

ಈ ಮೂರನೆಯವನ ವಂಶಾವಳಿಯನ್ನು ಹುಡುಕುತ್ತಾ ಹಿಂದೆ ಹೋದರೆ ಸಿಗುವುದು ಆಟದ ಕಂಪನಿಯಲ್ಲ, ಶಿಕಾಗೊ ನಗರದ ನಟ ದಂಪತಿಯ ಮಗ ಫ್ರಿಟ್ಜ್ ಲೈಬರ್. ಅಮೆರಿಕದ ಅದ್ಭುತ ಕಥನ ಮತ್ತು ವೈಜ್ಞಾನಿಕ ಕಥಾ ಲೋಕದಲ್ಲಿ ದೊಡ್ಡ ಹೆಸರು ಮಾಡಿ 1992ರಲ್ಲಿ ತೀರಿಕೊಂಡ ಲೈಬರ್, ತಮ್ಮ ಗೆಳೆಯನೊಂದಿಗೆ ಪತ್ರಗಳಲ್ಲಿ ಕಟ್ಟಿದ ‘ಗ್ರೇ ಮೌಸರ್’ ಎಂಬ ಕಳ್ಳನೇ ಈ ಪಾತ್ರಕ್ಕೆ ಮೂಲಪುರುಷ. ಆಟ ಅವರಿಂದ ಪಡೆದದ್ದು ಬಹಳ. ಆ ಋಣದ ಒಂದು ಪಾಲು ಅವರ ಮುಪ್ಪಿನ ಕಾಲದಲ್ಲಿ ಅವರ ಕೈ ಸೇರಿತು ಎಂಬುದು ಬರಹಗಾರರ ಬದುಕಿನಲ್ಲಿ ಅಪರೂಪದ ಸಂಗತಿ.

ಲೈಬರ್ ಹುಟ್ಟಿದ್ದು 1910ರ ಡಿಸೆಂಬರ್ 24ರಂದು. ತಂದೆಯ ಹೆಸರೂ ಫ್ರಿಟ್ಜ್ ಲೈಬರ್ ಎಂದೇ. ತಾಯಿ ವರ್ಜೀನಿಯಾ ಬ್ರಾನ್ಸನ್. ಇಬ್ಬರೂ ಶೇಕ್ಸ್‌ಪಿಯರ್ ನಾಟಕಗಳ ಕಲಾವಿದರು. ನಮ್ಮ ವೃತ್ತಿ ನಾಟಕ ಕಂಪನಿಗಳವರಂತೆ ಊರಿಂದೂರಿಗೆ ಸುತ್ತುತ್ತಿದ್ದವರು. ತಂದೆ 1917ರ ‘ಕ್ಲಿಯೋಪಾತ್ರ’ ಮೂಕಿ ಚಿತ್ರದಲ್ಲಿ ಸೀಸರನ ಪಾತ್ರ ವಹಿಸಿ ಪರದೆಯ ಮೇಲೂ ಹೆಸರಾಗಿದ್ದರು. ಬಣ್ಣ, ವಿಗ್ಗು, ಮರದ ಕತ್ತಿಗಳ ನಡುವೆ ಬೆಳೆದ ಹುಡುಗನಿಗೆ ವೇಷ ಬದಲಿಸಿದರೆ ಮನುಷ್ಯನೇ ಬದಲಾಗುವ ವಿಚಿತ್ರ ಚೆನ್ನಾಗಿ ಗೊತ್ತಿತ್ತು. ಮುಂದೆ ಅವರ ಕಥಾನಾಯಕರು ಭಿಕ್ಷುಕರ, ಪೂಜಾರಿಗಳ ವೇಷ ತೊಟ್ಟು ಶತ್ರುವಿನ ಮನೆ ಹೊಕ್ಕಾಗಲೆಲ್ಲ ಈ ರಂಗಭೂಮಿಯ ವಾಸನೆ ಮೂಗಿಗೆ ಬಡಿಯುತ್ತದೆ.

ಶಿಕಾಗೊ ವಿಶ್ವವಿದ್ಯಾಲಯದಿಂದ 1932ರಲ್ಲಿ ಪದವಿ ಪಡೆದ ತರುಣ, ಅನಂತರ ನ್ಯೂಯಾರ್ಕಿನ ಧರ್ಮಶಾಸ್ತ್ರ ಶಾಲೆ ಸೇರಿದರು. ನ್ಯೂಜೆರ್ಸಿಯ ಎರಡು ಪುಟ್ಟ ಚರ್ಚುಗಳಲ್ಲಿ ಪ್ರಾರ್ಥನೆ ನಡೆಸಿದರು. ಆದರೆ ಆ ದಾರಿ ತಮ್ಮದಲ್ಲವೆನಿಸಿ ಬಿಟ್ಟು ಬಂದರು. 1934ರಲ್ಲಿ ಫ್ರಾನ್ಸಿಸ್ ಲ್ಯಾಥ್ರಪ್ ಎಂಬ ಹೆಸರಿನಲ್ಲಿ ತಂದೆಯ ನಾಟಕ ತಂಡದೊಂದಿಗೆ ತಿರುಗಿದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ನಾಟಕದಿಂದ ಹೊಟ್ಟೆ ತುಂಬುವಂತಿರಲಿಲ್ಲ. ಗ್ರೇಟಾ ಗಾರ್ಬೊ ನಾಯಕಿಯಾಗಿದ್ದ ‘ಕ್ಯಾಮಿಲ್’ ಚಿತ್ರದಲ್ಲಿ ಸಣ್ಣದೊಂದು ಪಾತ್ರ ಸಿಕ್ಕಿತು. ನಟನೆಯ ಕಥೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಅದೇ 1934ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿದ್ದ ಗೆಳೆಯ ಹ್ಯಾರಿ ಆಟೊ ಫಿಷರ್ ಬರೆದ ಒಂದು ಪತ್ರ ಬಂತು. ಅದರಲ್ಲಿ ಇಬ್ಬರು ಸಾಹಸಿಗಳು ಮೊದಲ ಬಾರಿಗೆ ಮುಖ ತೋರಿಸಿದರು. ಒಬ್ಬ ಉತ್ತರದ ಹಿಮನಾಡಿನಿಂದ ಬಂದ ದೈತ್ಯ ಫಾಫರ್ಡ್. ಇನ್ನೊಬ್ಬ ಬೂದು ಬಟ್ಟೆಯ ಕುಳ್ಳ, ಚುರುಕು ನಾಲಿಗೆಯ, ಚುರುಕು ಕೈಯ ಗ್ರೇ ಮೌಸರ್. ಮೌಸರ್ ಎಂದರೆ ಇಲಿ ಹಿಡಿಯುವ ಬೆಕ್ಕು. ಬಹಳ ಎತ್ತರದ ಆಳಾಗಿದ್ದ ಲೈಬರ್ ಅವರೇ ಫಾಫರ್ಡ್‌ಗೆ ಮಾದರಿ, ಗಿಡ್ಡನೆಯ ಫಿಷರ್ ಅವರೇ ಮೌಸರ್‌ಗೆ ಮಾದರಿ. ಹಾಗಾಗಿ ಮೌಸರನನ್ನು ಮೊದಲು ಕಂಡವರು ಫಿಷರ್, ಅವನಿಗೆ ಬದುಕು ಕೊಟ್ಟವರು ಲೈಬರ್. ಲೈಬರ್ ಈ ಋಣವನ್ನು ಎಂದೂ ಮುಚ್ಚಿಡಲಿಲ್ಲ. ಇಂಥ ವಿಷಯಗಳಲ್ಲಿ ಗೆಳೆತನಗಳೇ ಮುರಿದುಬೀಳುವುದನ್ನು ನೋಡಿರುವ ನಮಗೆ ಇದು ಸಣ್ಣ ಮಾತಲ್ಲ.

ಗೆಳೆಯರಿಬ್ಬರೂ ಪತ್ರಗಳಲ್ಲೇ ಒಂದು ಲೋಕ ಕಟ್ಟಿದರು. ಅದರ ಹೆಸರು ನೆವಾನ್. ಎಂದೂ ಇಲ್ಲದ ಕಾಲ ಎಂಬರ್ಥ ಬರುವ ಇಂಗ್ಲಿಷ್ ಪದಗಳ ಅಕ್ಷರಗಳನ್ನು ಹಿಂದುಮುಂದು ಮಾಡಿದಾಗ ಬಂದ ಹೆಸರದು. ಅಲ್ಲಿಯ ಮಹಾನಗರ ಲ್ಯಾಂಕ್‌ಮಾರ್. ಹೊಗೆ, ಮಂಜು, ಓಣಿ, ಹೆಂಡದಂಗಡಿ, ಲೆಕ್ಕವಿಲ್ಲದಷ್ಟು ದೇವರುಗಳು, ಇವೆಲ್ಲದರ ಮೇಲೆ ಕಚೇರಿ, ಶಿಸ್ತು, ಪಾಲು ಹಂಚಿಕೆ ಎಲ್ಲವನ್ನೂ ಇಟ್ಟುಕೊಂಡ ಕಳ್ಳರ ಸಂಘ. 1937ರಲ್ಲಿ ಇಬ್ಬರೂ ಸೇರಿ ಆ ಲೋಕವನ್ನು ಮಣೆಯ ಮೇಲೆ ಆಡುವ ಆಟವಾಗಿಯೂ ಮಾಡಿದ್ದರು. ಕಥೆ ಅಚ್ಚಾಗುವ ಮೊದಲೇ ಆಟ ಹುಟ್ಟಿತ್ತು ಎಂಬುದನ್ನು ಓದುಗರು ನೆನಪಿಡಬೇಕು.

1936ರ ಜನವರಿಯಲ್ಲಿ ಲೈಬರ್ ಜಾಂಕ್ವಿಲ್ ಸ್ಟೀಫನ್ಸ್ ಅವರನ್ನು ವಿವಾಹವಾದರು. ಗಂಡನ ಬರವಣಿಗೆಯ ಹುಚ್ಚನ್ನು ಅರಿತ ಆಕೆ, ಅವರಿಗೆ ಹೇಳದೆ ಭಯಾನಕ ಕಥೆಗಳ ಪ್ರಸಿದ್ಧ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ಅವರಿಗೆ ಪತ್ರ ಬರೆದರು. ಮರುವರ್ಷ ಲವ್‌ಕ್ರಾಫ್ಟ್ ತೀರಿಕೊಳ್ಳುವವರೆಗೆ ಪತ್ರ ವ್ಯವಹಾರ ನಡೆಯಿತು. ಮೌಸರ್ ಕುರಿತ ಮೊದಲ ನೀಳ್ಗತೆಯ ಹಸ್ತಪ್ರತಿಯನ್ನು ಹಿರಿಯರು ಓದಿ, ತಿದ್ದಿ, ಬೆನ್ನು ತಟ್ಟಿದರು. 1939ರ ಆಗಸ್ಟ್‌ನಲ್ಲಿ ‘ಅನ್‌ನೋನ್’ ಎಂಬ ಪತ್ರಿಕೆಯಲ್ಲಿ ಇಬ್ಬರು ಸಾಹಸಿಗಳ ಮೊದಲ ಕಥೆ ಅಚ್ಚಾಯಿತು. ಯುದ್ಧಕಾಲದ ಕಾಗದದ ಅಭಾವದಿಂದ 1943ರಲ್ಲಿ ಆ ಪತ್ರಿಕೆಯೇ ನಿಂತುಹೋಯಿತು.

ಅನಂತರದ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಕಾಲೇಜೊಂದರಲ್ಲಿ ನಾಟಕ ಪಾಠ, ಯುದ್ಧದ ಅವಧಿಯಲ್ಲಿ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ, 1945ರಿಂದ 1956ರವರೆಗೆ ಶಿಕಾಗೊದಲ್ಲಿ ‘ಸೈನ್ಸ್ ಡೈಜೆಸ್ಟ್’ ಪತ್ರಿಕೆಯ ಸಹ ಸಂಪಾದಕತ್ವ. ಪ್ರಾಧ್ಯಾಪಕರ ಹೆಂಡತಿಯರೆಲ್ಲ ಗುಟ್ಟಾಗಿ ಮಾಟ ಮಾಡುವ ‘ಕಾಂಜೂರ್ ವೈಫ್’ ಕಾದಂಬರಿ ಸಿನಿಮಾ ಆಯಿತು. ‘ದಿ ಬಿಗ್ ಟೈಮ್’ 1958ರಲ್ಲಿ, ‘ದಿ ವಾಂಡರರ್’ 1965ರಲ್ಲಿ ವೈಜ್ಞಾನಿಕ ಕಥಾ ಲೋಕದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿ ಪಡೆದವು. ಕತ್ತಿವರಸೆ ಬಲ್ಲವರಾಗಿದ್ದರು, ಚದುರಂಗದಲ್ಲಿ ನುರಿತವರಾಗಿದ್ದರು. ಇವೆಲ್ಲದರ ಜತೆಗೆ ಕುಡಿತವೂ ಇತ್ತು. ಬಿಡುವುದು, ಮತ್ತೆ ಹಿಡಿಯುವುದು ವರ್ಷಗಟ್ಟಲೆ ನಡೆಯಿತು. ‘ಫೆಂಟಾಸ್ಟಿಕ್’ ಪತ್ರಿಕೆಯ ಸಂಪಾದಕಿ ಸೀಲ್ ಗೋಲ್ಡ್‌ಸ್ಮಿತ್ 1959ರ ನವೆಂಬರ್ ಸಂಚಿಕೆಯನ್ನು ಇಡಿಯಾಗಿ ಲೈಬರ್ ಕಥೆಗಳಿಗೇ ಮೀಸಲಿಟ್ಟದ್ದು ಅಂಥದೊಂದು ಬರಗಾಲದ ಬಳಿಕ. ಆ ಸಂಚಿಕೆಯೊಂದಿಗೆ ಫಾಫರ್ಡ್ ಮತ್ತು ಮೌಸರ್ ಮರಳಿ ಬಂದರು. 1961ರಲ್ಲಿ ಇಂಥ ಕಥೆಗಳ ಪ್ರಕಾರಕ್ಕೆ ‘ಸ್ವೋರ್ಡ್ ಅಂಡ್ ಸಾರ್ಸರಿ’, ಅಂದರೆ ಕತ್ತಿ ಮತ್ತು ಮಾಟ ಎಂಬ ಹೆಸರಿಟ್ಟವರೂ ಲೈಬರ್ ಅವರೇ.

ಮೌಸರ್ ಹೇಗೆ ಮೌಸರ್ ಆದ ಎಂಬ ಪ್ರಶ್ನೆಗೆ ಅವರು ಉತ್ತರ ಬರೆದದ್ದು 1962ರಲ್ಲಿ, ‘ದಿ ಅನ್‌ಹೋಲಿ ಗ್ರೇಲ್’ ಎಂಬ ಕಥೆಯಲ್ಲಿ. ಕಾಡಿನ ಅಂಚಿನಲ್ಲಿ ಗ್ಲಾವಾಸ್ ರೋ ಎಂಬ ಸಾಧು ಸ್ವಭಾವದ ಮಾಂತ್ರಿಕ. ಅವನ ಶಿಷ್ಯನಿಗೆ ಆಗಿನ್ನೂ ಇಲಿ ಎಂಬರ್ಥದ ಮೌಸ್ ಎಂದು ಹೆಸರು. ಒಳಿತಿನ ವಿದ್ಯೆಯನ್ನಷ್ಟೇ ಕಲಿ, ಕೆಡುಕಿನ ವಿದ್ಯೆಯ ಕಡೆ ತಿರುಗದಿರು ಎಂಬುದು ಗುರುವಿನ ಕಟ್ಟಪ್ಪಣೆ. ಒಂದು ದಿನ ಶಿಷ್ಯ ಮರಳಿದಾಗ ಗುರು ಹೆಣವಾಗಿದ್ದಾನೆ, ಮನೆ ಸುಟ್ಟು ಬೂದಿಯಾಗಿದೆ. ಕೊಲ್ಲಿಸಿದವನು ಆ ಸೀಮೆಯ ದೊರೆ ಜನಾರ್ಲ್. ದೊರೆಯ ಮಗಳು ಐವ್ರಿಯನ್ ಗುಟ್ಟಾಗಿ ಅದೇ ಗುರುವಿನ ಬಳಿ ವಿದ್ಯೆ ಕಲಿಯುತ್ತಿದ್ದವಳು. ಸೆರೆಸಿಕ್ಕ ಶಿಷ್ಯ ಚಿತ್ರಹಿಂಸೆಯ ಹಲಗೆಯ ಮೇಲೆ ಮಲಗಿಕೊಂಡೇ ಗುರುವಿನ ಮಾತು ಮುರಿಯುತ್ತಾನೆ. ಹುಡುಗಿಯ ಎದೆಯೊಳಗಿನ ದ್ವೇಷವನ್ನು ಸೆಳೆದುಕೊಂಡು, ಕೆಡುಕಿನ ವಿದ್ಯೆಯಿಂದ ದೊರೆಯನ್ನು ಕೊಲ್ಲುತ್ತಾನೆ. ಅಲ್ಲಿಂದ ಮುಂದೆ ಅವನು ಇಲಿಯಲ್ಲ, ಇಲಿ ಹಿಡಿಯುವವನು. ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ಬೂದು.

ವಿದ್ಯೆ ಪೂರ್ತಿಯಾಗಲಿಲ್ಲ, ಗುರುವೂ ಇಲ್ಲ. ಉಳಿದದ್ದು ಒಂದಿಷ್ಟು ಅರೆಬರೆ ಮಂತ್ರ ಮತ್ತು ತಾನು ದೊಡ್ಡ ಮಾಂತ್ರಿಕನೆಂಬ ಭ್ರಮೆ. ಹೊಟ್ಟೆಪಾಡಿಗೆ ಕಳ್ಳತನ. ಸ್ಕ್ಯಾಲ್ಪೆಲ್ ಎಂಬ ಕತ್ತಿ, ಬೆಕ್ಕಿನ ಉಗುರು ಎಂಬರ್ಥದ ಹೆಸರಿನ ಬಾಕು. 1964ರಲ್ಲಿ ಪ್ರಕಟವಾದ ‘ದಿ ಲಾರ್ಡ್ಸ್ ಆಫ್ ಕ್ವಾರ್ಮಾಲ್’ ನೀಳ್ಗತೆಯಲ್ಲಿ ಈ ಅರೆವಿದ್ಯೆಯ ಫಲ ಕಾಣುತ್ತದೆ. ಫಿಷರ್ 1936ರಲ್ಲೇ ಬರೆದಿಟ್ಟಿದ್ದ ಭಾಗವನ್ನು ಒಳಗೊಂಡ ಕಥೆಯಿದು. ನೆಲದಡಿಯ ರಾಜ್ಯವೊಂದರಲ್ಲಿ ಕೂಲಿಗೆ ನಿಂತ ಮೌಸರ್, ಶತ್ರುಪಕ್ಷದ ಮಾಂತ್ರಿಕರನ್ನು ನಾಶ ಮಾಡಲೆಂದು ಸುರುಳಿ ಬಿಚ್ಚಿ ಮಹಾಮಂತ್ರವೊಂದನ್ನು ಓದುತ್ತಾನೆ. ಮಂತ್ರ ಕೆಲಸ ಮಾಡುತ್ತದೆ. ಆದರೆ ಅದು ತಗಲುವುದು ಅವನಿಗೆ ಸಂಬಳ ಕೊಡುವವನ ಮಾಂತ್ರಿಕರಿಗೇ.

1969ರಲ್ಲಿ ಜಾಂಕ್ವಿಲ್ ತೀರಿಕೊಂಡರು. 33 ವರ್ಷಗಳ ದಾಂಪತ್ಯ. ಲೈಬರ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಗಿಯರಿ ರಸ್ತೆಯ ಹಳೆಯ ಕಟ್ಟಡದ ಪುಟ್ಟ ಕೋಣೆ ಹಿಡಿದರು. ಕುಡಿತ ಮಿತಿಮೀರಿತು. 1970ರ ಏಪ್ರಿಲ್‌ನಲ್ಲಿ ಪ್ರಕಟವಾದ ‘ಇಲ್ ಮೆಟ್ ಇನ್ ಲ್ಯಾಂಕ್‌ಮಾರ್’ ಕಥೆಯಲ್ಲಿ ಫಾಫರ್ಡ್ ಮತ್ತು ಮೌಸರ್ ಮೊದಲ ಬಾರಿಗೆ ಜತೆಗೂಡುತ್ತಾರೆ. ಕುಡಿದ ಅಮಲಿನಲ್ಲಿ ಭಿಕ್ಷುಕರ ವೇಷ ಹಾಕಿ ಕಳ್ಳರ ಸಂಘದ ಮನೆ ನೋಡಲು ಹೊರಡುತ್ತಾರೆ. ಮರಳುವಷ್ಟರಲ್ಲಿ ಸಂಘದ ಮಾಂತ್ರಿಕ ಕಳಿಸಿದ ಇಲಿಗಳ ಹಿಂಡು ಅವರ ಪ್ರೇಯಸಿಯರಿಬ್ಬರನ್ನೂ ಕೊಂದಿರುತ್ತದೆ. ಸತ್ತವರಲ್ಲಿ ಐವ್ರಿಯನ್ ಒಬ್ಬಳು. ಇಲಿ ಹಿಡಿಯುವ ಬೆಕ್ಕೆಂದು ಹೆಸರಿಟ್ಟುಕೊಂಡವನ ಮನೆಗೆ ಇಲಿಗಳೇ ನುಗ್ಗಿದವು. ಹ್ಯೂಗೊ ಮತ್ತು ನೆಬ್ಯುಲಾ ಪ್ರಶಸ್ತಿಗಳೆರಡೂ ಈ ಕಥೆಗೆ ಬಂದವು. ಅದೇ ವರ್ಷದ ‘ದಿ ಪ್ರೈಸ್ ಆಫ್ ಪೇನ್-ಈಸ್’ ಎಂಬ ಇನ್ನೊಂದು ಕಥೆಯಲ್ಲಿ ಇಬ್ಬರೂ ಆ ಸುಟ್ಟುಹೋದ ಜಾಗಕ್ಕೆ ಕದ್ದ ಮನೆಯೊಂದನ್ನು ತಂದಿಟ್ಟು ವಾಸಿಸುತ್ತಾರೆ, ಸತ್ತವರ ನೆನಪಿನಿಂದ ನಿದ್ದೆಗೆಡುತ್ತಾರೆ. ಕತ್ತಿವರಸೆಯ ಕಥೆಗಳಲ್ಲಿ ಶೋಕಕ್ಕೆ ಇಷ್ಟು ಜಾಗ ಕೊಟ್ಟವರು ವಿರಳ.

ಆ ದಿನಗಳ ಲೈಬರ್ ಕೋಣೆಯ ತೊಟ್ಟಿಯ ಮೇಲೆ ಬೆರಳಚ್ಚು ಯಂತ್ರವಿಟ್ಟು ಬರೆಯುತ್ತಿದ್ದರೆಂದು ಲೇಖಕ ಹಾರ್ಲನ್ ಎಲಿಸನ್ ಸಿಟ್ಟಿನಿಂದ ದಾಖಲಿಸಿದ್ದಾರೆ. ಬಡತನಕ್ಕಿಂತ ಕುಡಿತವೂ ಸರಳ ಬದುಕಿನ ಒಲವೂ ಇದಕ್ಕೆ ಕಾರಣ ಎಂದವರಿದ್ದಾರೆ. ಎರಡರಲ್ಲೂ ಸತ್ಯವಿದ್ದೀತು. ನಿಧಾನವಾಗಿ ಚೇತರಿಸಿಕೊಂಡ ಅವರು 1977ರಲ್ಲಿ ‘ಅವರ್ ಲೇಡಿ ಆಫ್ ಡಾರ್ಕ್‌ನೆಸ್’ ಕಾದಂಬರಿ ಪ್ರಕಟಿಸಿದರು. ಹೆಂಡತಿಯನ್ನು ಕಳೆದುಕೊಂಡು ಕುಡಿತದಿಂದ ಹೊರಬರುತ್ತಿರುವ ಲೇಖಕನೇ ಅದರ ನಾಯಕ. ಅವನ ವಾಸವೂ ಗಿಯರಿ ರಸ್ತೆಯಲ್ಲೇ.

ಈ ನಡುವೆ, ಸ್ಯಾನ್ ಫ್ರಾನ್ಸಿಸ್ಕೊದಿಂದ ಬಹುದೂರದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಬೇರೊಂದು ಕೆಲಸ ನಡೆದಿತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಮೊದಲ ಪೆಟ್ಟಿಗೆಯಲ್ಲಿದ್ದುದು ಮೂರೇ ವರ್ಗ: ಹೋರಾಟಗಾರ, ಮಾಂತ್ರಿಕ, ಪುರೋಹಿತ. ಕ್ಯಾಲಿಫೋರ್ನಿಯಾದ ಆಟಗಾರರ ಕಡೆಯಿಂದ ಬಂದ ಕಲ್ಪನೆಯನ್ನು ಗೈಗ್ಯಾಕ್ಸ್ ತಿದ್ದಿ ತೀಡಿ, 1975ರ ‘ಗ್ರೇಹಾಕ್’ ಪುಸ್ತಕದಲ್ಲಿ ಕಳ್ಳನನ್ನು ನಾಲ್ಕನೇ ವರ್ಗವಾಗಿ ಸೇರಿಸಿದರು. ಬೀಗ ತೆಗೆಯುವುದು, ನೆರಳಲ್ಲಿ ಅಡಗುವುದು, ಸದ್ದಿಲ್ಲದೆ ನಡೆಯುವುದು, ಬೆನ್ನ ಹಿಂದಿನಿಂದ ಇರಿಯುವುದು ಇವನ ಕಸುಬು. ಇಷ್ಟನ್ನು ಯಾವ ಕಳ್ಳನ ಕಥೆಯಿಂದಲೂ ಪಡೆಯಬಹುದಿತ್ತು. ಆದರೆ 1978ರ ನಿಯಮ ಪುಸ್ತಕವನ್ನು ತೆರೆದರೆ ಲೈಬರ್ ಅವರ ಬೆರಳಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕಳ್ಳ ಹತ್ತನೇ ಹಂತ ತಲುಪಿದಾಗ ಮಂತ್ರದ ಸುರುಳಿಗಳನ್ನು ಓದಬಲ್ಲ. ಆದರೆ ವಿದ್ಯೆಯ ಮರ್ಮ ಪೂರ್ತಿ ತಿಳಿಯದ ಕಾರಣ ಬರೆದದ್ದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಶೇ 25. ಉಚ್ಚಾರ ತಪ್ಪಿದರೆ ಮಂತ್ರ ತಿರುಗುಬಾಣವೂ ಆದೀತು. ಕ್ವಾರ್ಮಾಲ್ ಕಥೆ ಓದಿದವರು ಈ ನಿಯಮ ಓದಿ ನಗದೆ ಇರಲಾರರು.

ಗೈಗ್ಯಾಕ್ಸ್ ಋಣವನ್ನು ಬಚ್ಚಿಡಲಿಲ್ಲ. 1979ರ ಸೂತ್ರಧಾರರ ಕೈಪಿಡಿಯ ಕೊನೆಯಲ್ಲಿ ತಮಗೆ ಸ್ಫೂರ್ತಿಯಾದ ಪುಸ್ತಕಗಳನ್ನು ಪಟ್ಟಿ ಮಾಡಿ, ಲೈಬರ್ ಹೆಸರನ್ನು ಎದ್ದು ಕಾಣುವಂತೆ ಇಟ್ಟರು. ಮಂತ್ರವನ್ನು ಉರು ಹೊಡೆದು, ಪ್ರಯೋಗಿಸಿದ ಕೂಡಲೇ ಮರೆಯುವ ಆಟದ ಪದ್ಧತಿ ಜ್ಯಾಕ್ ವ್ಯಾನ್ಸ್ ಎಂಬ ಇನ್ನೊಬ್ಬ ಲೇಖಕರಿಂದ ಬಂದದ್ದು. ಕತ್ತಲ ಓಣಿ, ಕಳ್ಳರ ಸಂಘ, ಅರೆಮಾಂತ್ರಿಕ ಕಳ್ಳ ಇವು ಲೈಬರ್ ಕೊಡುಗೆ. ಗೈಗ್ಯಾಕ್ಸ್ ಅವರ ಟಿಎಸ್‌ಆರ್ ಕಂಪನಿ, ಗೆಳೆಯರಿಬ್ಬರು 1937ರಲ್ಲಿ ಮಾಡಿದ್ದ ಮಣೆಯಾಟವನ್ನು ಸರಳಗೊಳಿಸಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಆರಂಭವಾದ ‘ದಿ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಲೈಬರ್ ಬರಹವಿತ್ತು. 1985ರಲ್ಲಿ ಲ್ಯಾಂಕ್‌ಮಾರ್ ನಗರದ ಕುರಿತೇ ಒಂದು ಇಡೀ ಆಟದ ಪುಸ್ತಕ ಬಂತು. ಪರವಾನಗಿ ಪಡೆದು ನಡೆಸಿದ ಈ ವ್ಯವಹಾರದ ರಾಯಲ್ಟಿ ಚೆಕ್ಕುಗಳು ಲೈಬರ್ ಅವರಿಗೆ ತಪ್ಪದೆ ಬರತೊಡಗಿದವು. ಕೊನೆಯ ವರ್ಷಗಳಲ್ಲಿ ನೆಮ್ಮದಿಯಾಗಿ ಬದುಕಲು ಆ ಹಣವೊಂದೇ ಸಾಕಾಗುತ್ತಿತ್ತು. ಪ್ರಶಸ್ತಿಗಳು ನೀಡಲಾಗದ ನೆಮ್ಮದಿಯನ್ನು ದಾಳದ ಆಟ ನೀಡಿತು. ಸಾವಿನೊಡನೆ ದಾಳವಾಡುವ ಜೂಜುಕೋರನ ಕಥೆ ಬರೆದು 1968ರಲ್ಲಿ ಹ್ಯೂಗೊ ಪಡೆದಿದ್ದವರಿಗೆ ಇದು ತಕ್ಕ ಗಳಿಕೆಯೇ ಸರಿ.

2000ದಲ್ಲಿ ಬಂದ ಮೂರನೇ ಆವೃತ್ತಿ ಕಳ್ಳನಿಗೆ ‘ರೋಗ್’ ಎಂದು ಮರುನಾಮಕರಣ ಮಾಡಿತು. ‘ಆರ್ಕೇನ್ ಟ್ರಿಕ್‌ಸ್ಟರ್’ ಎಂಬ ಹೆಸರು ಕಾಣಿಸಿಕೊಂಡದ್ದು ಅದರ ಮರುವರ್ಷ. 2014ರ ಆವೃತ್ತಿಯಲ್ಲಿ ಈ ಪಾತ್ರವನ್ನು ಕಟ್ಟುವವರು ಮೊದಲು ಗಮನಿಸಬೇಕಾದದ್ದು ಅವನ ವಿದ್ಯೆಯ ಮಿತಿ. ಪೂರ್ಣಪ್ರಮಾಣದ ಮಾಂತ್ರಿಕ 17ನೇ ಹಂತದಲ್ಲಿ ಒಂಬತ್ತನೇ ದರ್ಜೆಯ ಮಂತ್ರ ಮುಟ್ಟುತ್ತಾನೆ. ಈ ಕಳ್ಳ 19ನೇ ಹಂತಕ್ಕೆ ಬಂದರೂ ನಾಲ್ಕನೇ ದರ್ಜೆ ದಾಟುವುದಿಲ್ಲ. ಆದ್ದರಿಂದ ಮಹಾಮಾಂತ್ರಿಕನಾಗುವ ಆಸೆ ಬಿಡಬೇಕು. ಚುರುಕುತನಕ್ಕೆ ಮೊದಲ ಸ್ಥಾನ, ಬುದ್ಧಿಶಕ್ತಿಗೆ ಎರಡನೆಯ ಸ್ಥಾನ.

ಮೂರನೇ ಹಂತದಲ್ಲಿ ಕಲಿಯುವ ಮೊದಲ ದರ್ಜೆಯ ಮೂರು ಮಂತ್ರಗಳಲ್ಲಿ ಎರಡು ಭ್ರಮೆ ಅಥವಾ ವಶೀಕರಣಕ್ಕೆ ಸೇರಿದವಾಗಿರಬೇಕು. ವೇಷ ಬದಲಿಸುವ ಮಂತ್ರ ಇಲ್ಲಿ ಹೇಳಿ ಮಾಡಿಸಿದಂತಿದೆ. ಮೂರನೆಯದು ಇಷ್ಟಬಂದದ್ದು. ಅನುಭವಿಗಳು ಸಾಮಾನ್ಯವಾಗಿ ಆರಿಸುವುದು ಒಂದು ಮಾಯಾಪ್ರಾಣಿಯನ್ನು ಕರೆಯುವ ಮಂತ್ರ. ಗೂಬೆಯಾಗಿ ಬಂದ ಅದು ಶತ್ರುವಿನ ಗಮನ ಸೆಳೆದರೆ ಕಳ್ಳನ ಹೊಂಚಿನ ಇರಿತ ಸಲೀಸಾಗುತ್ತದೆ. ಇನ್ನು ಕಣ್ಣಿಗೆ ಕಾಣದ ಮಾಯಾಹಸ್ತ ಇವನ ಸ್ವಂತ ಸೊತ್ತು. 30 ಅಡಿ ದೂರದಿಂದಲೇ ಬೀಗ ತೆಗೆಯಬಹುದು, ಕಾವಲುಗಾರನ ಸೊಂಟದ ಚೀಲಕ್ಕೆ ಕೈಹಾಕಬಹುದು. ಏಳನೇ ಹಂತದಲ್ಲಿ ಅದೃಶ್ಯನಾಗುವ ಮಂತ್ರ ಸಿಗುತ್ತದೆ. ಒಂಬತ್ತರಲ್ಲಿ, ಅಡಗಿ ಕುಳಿತು ಪ್ರಯೋಗಿಸಿದ ಮಂತ್ರವನ್ನು ಎದುರಿಸುವುದು ಶತ್ರುವಿಗೆ ಕಷ್ಟವಾಗುತ್ತದೆ. ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಎರಡು ಕಸುಬುಗಳು ಇಲ್ಲಿ ಒಂದಾಗುತ್ತವೆ. 17ನೇ ಹಂತಕ್ಕೆ ಬಂದಾಗ ತನ್ನ ಮೇಲೆ ಪ್ರಯೋಗವಾದ ಮಂತ್ರವನ್ನೇ ಎದುರಾಳಿಯ ತಲೆಯಿಂದ ಎಂಟು ಗಂಟೆಗಳ ಮಟ್ಟಿಗೆ ಕದಿಯಬಲ್ಲ. ಕಳ್ಳನಿಗೆ ತಕ್ಕ ವಿದ್ಯಾಭ್ಯಾಸ! ನಿಯಮಗಳ ಲೆಕ್ಕಾಚಾರ ಬದಿಗಿಟ್ಟು ನೋಡಿದರೆ, ಗುರು ಸತ್ತು ಪಾಠ ಅರ್ಧಕ್ಕೆ ನಿಂತ ಹುಡುಗನ ಚಹರೆ ಇದರಲ್ಲಿ ಇನ್ನೂ ಉಳಿದಿದೆ. ಆಡುವವರು ತಮ್ಮ ಪಾತ್ರಕ್ಕೆ ಬರೀ ಅಂಕಗಳನ್ನು ಹಂಚದೆ, ಅವನ ಓದು ಯಾಕೆ ನಿಂತಿತು ಎಂದು ಕೇಳಿಕೊಂಡರೆ ಆಟದ ಸ್ವಾರಸ್ಯವೇ ಬೇರೆ.

ಹ್ಯಾರಿ ಫಿಷರ್ 1986ರಲ್ಲಿ ನಿಧನರಾದರು. ಎರಡು ವರ್ಷಗಳ ಬಳಿಕ ಸರಣಿಯ ಕೊನೆಯ ಸಂಕಲನ ಬಂತು. ಲೈಬರ್ ತಮ್ಮ ನಾಯಕರನ್ನು ಚಿರಯುವಕರಾಗಿ ಉಳಿಸಲಿಲ್ಲ. ಫಾಫರ್ಡ್ ಎಡಗೈ ಕಳೆದುಕೊಂಡಿದ್ದ. ಇಬ್ಬರೂ ನಡುವಯಸ್ಸು ದಾಟಿ, ಲ್ಯಾಂಕ್‌ಮಾರ್ ತೊರೆದು, ಉತ್ತರದ ಚಳಿಯ ದ್ವೀಪವೊಂದರಲ್ಲಿ ಸಂಸಾರಸ್ಥರಂತೆ ನೆಲೆಸಿದ್ದರು. ಲೈಬರ್ 1992ರಲ್ಲಿ ತಮ್ಮ ಬಹುಕಾಲದ ಒಡನಾಡಿ, ಪತ್ರಕರ್ತೆ ಮಾರ್ಗೊ ಸ್ಕಿನ್ನರ್ ಅವರನ್ನು ವಿವಾಹವಾದರು. ಆಗ ಅವರಿಗೆ 81 ವರ್ಷ. ಅದೇ ವರ್ಷ ಕೆನಡಾದ ಲಂಡನ್ ನಗರದಲ್ಲಿ ನಡೆದ ಕಥಾಪ್ರಿಯರ ಸಮ್ಮೇಳನದಿಂದ ಮರಳುವ ದಾರಿಯಲ್ಲಿ ಕುಸಿದು ಬಿದ್ದರು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 5ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊನೆಯುಸಿರೆಳೆದರು. 2014ರ ನಿಯಮ ಪುಸ್ತಕದ ಕೊನೆಯ ಪುಟಗಳಲ್ಲಿರುವ ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಅವರ ಹೆಸರಿದೆ.